ಎರೆಯ ಸೀಮೆಯ ನಾಲ್ಕು ಪಾಠಗಳು

ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನಲ್ಲಿ ಮೊರಬವೆಂಬ ಹೋಬಳಿಯ ಊರು ಒಂದುಂಟು. ಅದರ ಸುತ್ತ ಕಣ್ಣು ಹಾಯುವಷ್ಟು ದೂರಕ್ಕೂ ಬಯಲೇ ಬಯಲು. ಬೇಸಿಗೆಯಲ್ಲಿ ಈ ನೆಲ ಬಿರಿದು ಬಾಯಿ ತೆರೆದುಕೊಂಡು ಮುಗಿಲನ್ನು ನೋಡುತ್ತ ಮಲಗಿರುತ್ತದೆ. ಮಳೆ ಹಿಡಿಯಿತೆಂದರೆ ಅದೇ ನೆಲ ಹಿಟ್ಟಿನಂತೆ ನಾದಿ, ನಡೆಯುವವರ ಕಾಲನ್ನು ಹಿಡಿದು ಬಿಡಲೊಲ್ಲದು. ಹೊಲದ ಹಾದಿಯಿಂದ ಶಾಲೆಗೆ ಬರುವ ಹುಡುಗನ ಪಾದಕ್ಕೆ ಮೆಟ್ಟಿನ ಅಡಿಯಲ್ಲಿ ಇನ್ನೊಂದು ಮೆಟ್ಟು ಬೆಳೆದಿರುತ್ತದೆ. ಬಾಗಿಲ ಹೊರಗೆ ಕಲ್ಲಿನ ಅಂಚಿಗೆ ಕಾಲನ್ನು ತಿಕ್ಕಿ, ಮಣ್ಣನ್ನು ಅಲ್ಲಿಯೇ ಬಿಟ್ಟು, ಅವನು ಒಳಗೆ ಹೋಗಿ ಕುಳಿತುಕೊಳ್ಳುತ್ತಾನೆ. ಗಂಟೆ ಬಾರಿಸುತ್ತದೆ. ಚೀಲದಿಂದ ಪುಸ್ತಕಗಳು ಹೊರಗೆ ಬರುತ್ತವೆ: ಮಹಾಪುರುಷರ ಚರಿತ್ರೆ ಒಂದು, ವಿಜ್ಞಾನ ಒಂದು, ಕನ್ನಡ ಸಾಹಿತ್ಯ ಒಂದು, ಪರಿಸರದ ಪಾಠ ಮತ್ತೊಂದು.

ನಗರದಲ್ಲಿ ಮಕ್ಕಳನ್ನು ಓದಿಸುತ್ತಿರುವ ತಾಯಿತಂದೆಗಳಿಗೂ ಈ ಪುಸ್ತಕಗಳ ಪರಿಚಯವುಂಟು. ಪರೀಕ್ಷೆಯ ಹಿಂದಿನ ರಾತ್ರಿ ಇಸವಿಗಳನ್ನು ಒಪ್ಪಿಸಿಕೊಂಡು, ಹೆಸರುಗಳನ್ನು ಬಾಯಿಪಾಠ ಮಾಡಿಸಿ, ಮರುದಿನ ಅವನ್ನು ಮರೆಯುವುದು ಎಲ್ಲ ಮನೆಗಳ ಅನುಭವವೇ ಸರಿ. ಪುಸ್ತಕದಲ್ಲಿರುವುದೆಲ್ಲ ಎಲ್ಲಿಯೋ ದೂರದಲ್ಲಿ, ಯಾರೋ ದೊಡ್ಡವರಿಗೆ ನಡೆದದ್ದು ಎಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಬೇರೂರುತ್ತದೆ. ಆದರೆ ಮೊರಬದ ಹುಡುಗನು ಬಾಗಿಲ ಹೊರಗೆ ಬಿಟ್ಟು ಬಂದ ಮಣ್ಣಿನಲ್ಲಿಯೇ ಈ ನಾಲ್ಕೂ ಪಾಠಗಳು ಅಡಗಿವೆ ಎಂದರೆ ಅತಿಶಯೋಕ್ತಿಯಲ್ಲ. ಆ ಪಾಠಗಳನ್ನು ಅವನು ಕನ್ನಡದಲ್ಲಿ ಓದುವುದು ಕೂಡ ತಾನಾಗಿ ಒದಗಿ ಬಂದ ಭಾಗ್ಯವಲ್ಲ.

ಮೊದಲನೆಯ ಪಾಠ: ಶಾಲೆಯನ್ನು ಕನ್ನಡಕ್ಕೆ ತಂದವರು

ಪೇಶವೆಯರ ಆಳ್ವಿಕೆ 1818ರಲ್ಲಿ ಮುಗಿದು ಈ ಸೀಮೆ ಇಂಗ್ಲಿಷರ ಕೈ ಸೇರಿದಾಗ, ಧಾರವಾಡದ ಕಚೇರಿಗಳಲ್ಲಿ ನಡೆಯುತ್ತಿದ್ದ ಭಾಷೆ ಮರಾಠಿ. ಲೆಕ್ಕಪತ್ರಗಳ ಬರಹ ಮೋಡಿ. ಮುಂದೆ ಧಾರವಾಡವು ಮುಂಬಯಿ ಇಲಾಖೆಗೆ ಸೇರಿತು. ಇಲಾಖೆಯ ರಾಜಧಾನಿಯಲ್ಲಿ ಕುಳಿತವರಿಗೆ ದಕ್ಷಿಣ ಮರಾಠಾ ದೇಶವೆಂದು ಹೆಸರಿಟ್ಟ ಈ ಭಾಗದ ಜನರ ಮಾತು ಮರಾಠಿಯೇ ಎಂಬ ತಿಳಿವಳಿಕೆ. ಸರಕಾರಿ ಶಾಲೆಗಳು ತೆರೆದಾಗ ಅವುಗಳಲ್ಲಿಯೂ ಮರಾಠಿಯೇ ನಡೆಯಿತು. ಮನೆಯಲ್ಲಿ ಕನ್ನಡ, ಹೊಲದಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ. ಶಾಲೆಯ ಹೊಸ್ತಿಲು ದಾಟಿದೊಡನೆ ಮಾತ್ರ ಬೇರೆಯ ನುಡಿ. ಊರ ಐಗಳ ಮಠಗಳಲ್ಲಿ, ಗಾಂವಠಿ ಶಾಲೆಗಳಲ್ಲಿ ಮರಳ ಮೇಲೆ ಬೆರಳಿನಿಂದ ತಿದ್ದುತ್ತಿದ್ದ ಕನ್ನಡ ಅಕ್ಷರಕ್ಕೆ ಸರಕಾರದ ಮನ್ನಣೆ ಇರಲಿಲ್ಲ.

ಈ ವಿಪರೀತವನ್ನು ಮೊದಲು ಕಂಡವರಲ್ಲಿ ಒಬ್ಬನು ವಾಲ್ಟರ್ ಎಲಿಯಟ್. 1803ರಲ್ಲಿ ಹುಟ್ಟಿದ ಈ ಸ್ಕಾಟ್ಲೆಂಡಿನ ಅಧಿಕಾರಿ ಧಾರವಾಡದಲ್ಲಿದ್ದಾಗ ಜನರ ಮಾತನ್ನು ಕಲಿತನು. ಸರಕಾರ ಮುಂದೆ ಬಾರದಿದ್ದಾಗ ತನ್ನ ಕೈಯಿಂದ ಹಣ ಹಾಕಿ ಕನ್ನಡ ಶಾಲೆಯೊಂದನ್ನು ನಡೆಸಿದನು. ಅದೇ ಮನುಷ್ಯನು ಊರೂರು ಸುತ್ತಿ ಗುಡಿಗಳ ಮುಂದೆ ಬಿದ್ದಿದ್ದ ಶಾಸನಗಳ ಪ್ರತಿಗಳನ್ನು ಮಾಡಿಸಿದನು. ಅವನ ಸಂಗ್ರಹದಲ್ಲಿ 595 ಶಾಸನಗಳು ಸೇರಿದವು. ಚಾಲುಕ್ಯರ ವಂಶಾವಳಿಯನ್ನು ಹೊರಜಗತ್ತಿಗೆ ಮೊದಲು ಸುಸಂಬದ್ಧವಾಗಿ ತಿಳಿಸಿದವನು ಅವನೇ. ಇಂದು ಮಕ್ಕಳು ಇಮ್ಮಡಿ ಪುಲಿಕೇಶಿಯ ಹೆಸರನ್ನು ಒಪ್ಪಿಸುವಾಗ, ಆ ಹೆಸರು ಕಲ್ಲಿನಿಂದ ಕಾಗದಕ್ಕೆ ಇಳಿದು ಬಂದ ಹಾದಿಯಲ್ಲಿ ಧಾರವಾಡವೂ ಒಂದು ನಿಲ್ದಾಣವೆಂಬುದನ್ನು ಮರೆಯಲಾಗದು.

ಆದರೆ ಒಬ್ಬ ಅಧಿಕಾರಿಯ ಶಾಲೆ ಅವನ ವರ್ಗವಾದೊಡನೆ ಸೊರಗುವುದು ಸಹಜ. ಬೇಕಾದದ್ದು ಈ ಮಣ್ಣಿನಲ್ಲಿಯೇ ಹುಟ್ಟಿದ ಆಳು. ಅಂಥವರು ಚನ್ನಬಸಪ್ಪನವರು, ನಾಡಿನ ಜನ ಅವರನ್ನು ಇಂದಿಗೂ ‘ಡೆಪ್ಯುಟಿ ಚನ್ನಬಸಪ್ಪ’ ಎಂದೇ ಕರೆಯುತ್ತಾರೆ. 1834ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಇಂಜಿನಿಯರ ಆಗಬೇಕೆಂದು ಪುಣೆಗೆ ಹೋದರು. ಆ ದಾರಿಯಲ್ಲಿಯೇ ಮುಂದುವರಿದಿದ್ದರೆ ಒಳ್ಳೆಯ ಸಂಬಳ, ಬಂಗಲೆ, ಕುದುರೆ ಎಲ್ಲವೂ ದೊರೆಯುತ್ತಿದ್ದವು. ಅವರು ಅದನ್ನು ಬಿಟ್ಟು ಶಿಕ್ಷಣ ಖಾತೆಗೆ ಬಂದರು. ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಾಧ್ಯಾಪಕರಾದರು. ಬಳಿಕ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿದರು.

ಕನ್ನಡ ಶಾಲೆ ತೆರೆಯಬೇಕೆಂದರೆ ಕನ್ನಡ ಬಲ್ಲ ಶಿಕ್ಷಕ ಬೇಕು. ಶಿಕ್ಷಕನಿಗೆ ಕನ್ನಡ ಪುಸ್ತಕ ಬೇಕು. ಪುಸ್ತಕಕ್ಕೆ ಬರೆಯುವವರು ಬೇಕು. ಒಂದಿಲ್ಲದೆ ಇನ್ನೊಂದಿಲ್ಲ. ‘ಕನ್ನಡದಲ್ಲಿ ಪುಸ್ತಕಗಳೇ ಇಲ್ಲ, ಶಾಲೆ ಏಕೆ?’ ಎಂದು ಕೇಳುವವರಿಗೆ ಕೊಡಬೇಕಾದ ಉತ್ತರವನ್ನು ಚನ್ನಬಸಪ್ಪನವರು ಮಾತಿನಲ್ಲಿ ಕೊಡಲಿಲ್ಲ. ನಾರ್ಮಲ್ ಶಾಲೆಯಲ್ಲಿ ಶಿಕ್ಷಕರನ್ನು ತಯಾರಿಸಿದರು. ಮರಾಠಿ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸಿದರು. ಗೆಳೆಯರನ್ನು ಹುರಿದುಂಬಿಸಿ ಬರೆಯಿಸಿದರು, ತಾವೂ ಬರೆದರು. ಶೇಕ್ಸ್‌ಪಿಯರನ ವಿನೋದ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ 1871ರಲ್ಲಿ ಕನ್ನಡಕ್ಕೆ ತಂದರು. ಅವರಿಗೆ ಬೆಂಬಲವಾಗಿ ನಿಂತವನು ರಸೆಲ್ ಎಂಬ ಇಂಗ್ಲಿಷ್ ಶಿಕ್ಷಣಾಧಿಕಾರಿ. ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ ಮೊದಲಾದವರು ಅದೇ ಕಾಲದಲ್ಲಿ ಲೇಖನಿ ಹಿಡಿದರು.

1865ರಲ್ಲಿ ಶಿಕ್ಷಕರಿಗಾಗಿಯೇ ಒಂದು ಮಾಸಪತ್ರಿಕೆ ಹೊರಟಿತು. ಅದರ ಹೆಸರು ‘ಮಠಪತ್ರಿಕೆ’. ಶಾಲೆಗೆ ಮಠವೆಂದೇ ಹೆಸರಿದ್ದ ಕಾಲವದು. ಹಳ್ಳಿಯ ಒಂಟಿ ಶಾಲೆಯಲ್ಲಿ ಕುಳಿತ ಶಿಕ್ಷಕನಿಗೆ, ತನ್ನಂತೆಯೇ ಇನ್ನೂ ಹಲವರು ಇದೇ ಕೆಲಸದಲ್ಲಿದ್ದಾರೆಂಬ ಧೈರ್ಯವನ್ನು ತಿಂಗಳಿಗೊಮ್ಮೆ ತಂದುಕೊಡುತ್ತಿದ್ದುದು ಈ ಪತ್ರಿಕೆಯೇ. ಮುಂದೆ ಅದು ‘ಜೀವನ ಶಿಕ್ಷಣ’ವೆಂಬ ಹೊಸ ಹೆಸರಿನಿಂದ ಬಾಳಿತು. ಚನ್ನಬಸಪ್ಪನವರು 1881ರಲ್ಲಿ, ಐವತ್ತು ವರ್ಷ ತುಂಬುವ ಮೊದಲೇ ತೀರಿಕೊಂಡರು. ಅವರ ಬಳಿಕ ಒಂಬತ್ತೇ ವರ್ಷಕ್ಕೆ, 1890ರ ಜುಲೈ 20ರಂದು, ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಚದುರಿ ಹೋಗಿದ್ದ ಕನ್ನಡ ನಾಡು ಒಂದಾಗಬೇಕೆಂಬ ಮಾತು ಗಟ್ಟಿಯಾಗಿ ಬೆಳೆದು 1956ರ ನವೆಂಬರ್ 1ರಂದು ನಿಜವಾಯಿತು. ಆ ಬೆಳೆಗೆ ಬೀಜ ಬಿದ್ದದ್ದು ಸಭೆಗಳಲ್ಲಿ ಮಾತ್ರವಲ್ಲ. ಹಳ್ಳಿಯ ಶಾಲೆಯಲ್ಲಿ ಪಾಟಿಯ ಮೇಲೆ ಬಳಪ ಮೂಡಿಸಿದ ಅಕ್ಷರದಲ್ಲಿಯೂ ಬಿದ್ದಿತ್ತು.

ಎರಡನೆಯ ಪಾಠ: ಕಲ್ಲು, ಮಣ್ಣು, ಹತ್ತಿ

ಚನ್ನಬಸಪ್ಪನವರು ಹುಟ್ಟಿದ 1834ರಲ್ಲಿಯೇ ದೂರದ ಇಂಗ್ಲೆಂಡಿನಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹುಟ್ಟಿದನು. ಒಬ್ಬರು ಈ ಸೀಮೆಯ ಮಕ್ಕಳಿಗೆ ಅವರ ಮಾತನ್ನು ಮರಳಿ ಕೊಡಿಸಿದರೆ, ಇನ್ನೊಬ್ಬನು ಈ ಸೀಮೆಯ ಕಲ್ಲುಗಳಿಗೆ ಜಗತ್ತಿನಲ್ಲಿ ಹೆಸರು ಕೊಡಿಸಿದನು. ಭೂವಿಜ್ಞಾನ ಸಮೀಕ್ಷೆಯ ಅಧಿಕಾರಿಯಾಗಿ ಫೂಟನು ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ಈ ಭಾಗವನ್ನೆಲ್ಲ ಅಳೆದನು; ದಕ್ಷಿಣ ಮರಾಠಾ ದೇಶದ ಭೂರಚನೆಯನ್ನು ಕುರಿತ ಅವನ ಗ್ರಂಥ 1876ರಲ್ಲಿ ಪ್ರಕಟವಾಯಿತು. ಪದರು ಪದರಾಗಿ ಬಾಗಿ ಮಡಿಚಿಕೊಂಡಿರುವ ಇಲ್ಲಿಯ ಪುರಾತನ ಶಿಲೆಗಳಿಗೆ 1880ರ ದಶಕದಲ್ಲಿ ಅವನು ‘ಧಾರವಾಡ’ದ ಹೆಸರನ್ನೇ ಇಟ್ಟನು. ಅಂದಿನಿಂದ ಇಂದಿನವರೆಗೆ ಭೂವಿಜ್ಞಾನದ ಪುಸ್ತಕಗಳಲ್ಲಿ ಧಾರವಾಡ ಶಿಲಾಸಮೂಹವೆಂಬುದು ಪ್ರಸಿದ್ಧ ಹೆಸರು. ಅವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮೀರಿದ್ದು. ಹಟ್ಟಿಯ ಚಿನ್ನ, ಕೋಲಾರದ ಚಿನ್ನ, ಗದುಗಿನ ಕಪ್ಪತಗುಡ್ಡದ ಚಿನ್ನದ ಎಳೆ, ಇವೆಲ್ಲವೂ ಇದೇ ಶಿಲಾಕುಲಕ್ಕೆ ಸೇರಿದವು. ಆಗಿನ ಭೂಮಿಯ ಮೇಲೆ ಮರವಿಲ್ಲ, ಹುಲ್ಲಿಲ್ಲ, ಮೀನೂ ಇಲ್ಲ, ಸೂಕ್ಷ್ಮಜೀವಿಗಳದೇ ರಾಜ್ಯ.

ಮೊರಬದ ಸುತ್ತಲಿನ ಮಣ್ಣು ಆ ಕಲ್ಲಿಗಿಂತ ಬಹಳ ಕಿರಿಯದು. ಆದರೂ ಅದರ ಗುಣವು ಯಾವ ಜಾದೂಗಾರನ ಕೈಚಳಕಕ್ಕೂ ಕಡಿಮೆಯಿಲ್ಲ. ಒಕ್ಕಲಿಗನು ಅದನ್ನು ‘ಎರೆ’ ಎನ್ನುತ್ತಾನೆ; ಕೆಂಪು ನೆಲಕ್ಕೆ ‘ಮಸಾರಿ’ ಎನ್ನುತ್ತಾನೆ. ಎರೆಯಲ್ಲಿ ಜೇಡಿಯ ಅಂಶ ಬಲು ಹೆಚ್ಚು. ಆ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂತಿರುವ ಪದರುಗಳಿಂದ ಆದವು. ನೀರು ಬಿದ್ದಾಗ ಅದು ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ಸರಿಸುತ್ತದೆ, ನೆಲ ಉಬ್ಬುತ್ತದೆ. ಒಣಗಿದಾಗ ಹಾಳೆಗಳು ಮತ್ತೆ ಹತ್ತಿರವಾಗಿ ನೆಲ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಆ ಬಿರುಕಿನೊಳಗೆ ಆಳುದ್ದದ ಕೋಲೇ ಇಳಿಯಬಹುದು. ಮೇಲಿನ ಪುಡಿ ಮಣ್ಣು ಗಾಳಿಗೆ, ದನಗಳ ಕಾಲ್ತುಳಿತಕ್ಕೆ ಆ ಬಿರುಕುಗಳಲ್ಲಿ ಬೀಳುತ್ತದೆ. ಮಳೆ ಬಂದಾಗ ಅದು ಕೆಳಗೇ ಉಳಿದು, ಕೆಳಗಿನದು ಮೇಲೆ ತಳ್ಳಲ್ಪಡುತ್ತದೆ. ಹೀಗೆ ಎರೆಯು ವರ್ಷವರ್ಷವೂ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಅದರ ಕಪ್ಪು ಬಣ್ಣವನ್ನು ಕಂಡು ಗೊಬ್ಬರ ಹೇರಳವಾಗಿದೆಯೆಂದು ನಗರದವರು ತಿಳಿಯುವುದುಂಟು. ನಿಜದಲ್ಲಿ ಸಾವಯವ ಅಂಶ ಅದರಲ್ಲಿ ಕಡಿಮೆಯೇ. ಅದರ ನಿಜವಾದ ಐಶ್ವರ್ಯ ನೀರನ್ನು ಹಿಡಿದಿಡುವ ಗುಣ. ಮಳೆಗಾಲ ಮುಗಿದ ಮೇಲೂ ಒಡಲಲ್ಲಿ ಉಳಿದ ಆ ಹಸಿಯ ಮೇಲೆಯೇ ಹಿಂಗಾರಿಯ ಬಿಳಿಜೋಳ, ಗೋದಿ, ಕಡಲೆ, ಕುಸುಬಿ ಬೆಳೆಯುತ್ತವೆ. ಒಂದು ಹನಿಯೂ ಮಳೆ ಬೀಳದ ಚಳಿಗಾಲದಲ್ಲಿ ಹಸಿರಾಗಿ ನಿಂತ ಜೋಳದ ಹೊಲವನ್ನು ಕಂಡವನಿಗೆ ಮಾತ್ರ ಎರೆಯ ಬೆಲೆ ತಿಳಿದೀತು.

ಈ ನೆಲದ ಮೇಲೆ ಜಗತ್ತಿನ ಕಣ್ಣು ಬಿದ್ದದ್ದು ಹತ್ತಿಯಿಂದಾಗಿ. 1840ರ ದಶಕದಲ್ಲಿ ಕುಂಪಣಿ ಸರಕಾರವು ಅಮೆರಿಕೆಯಿಂದ ಬೀಜವನ್ನೂ ಬೇಸಾಯ ಬಲ್ಲ ತೋಟಗಾರರನ್ನೂ ಹಿಂದುಸ್ಥಾನಕ್ಕೆ ಕರೆಸಿತು. ಎಷ್ಟೋ ಕಡೆ ಆ ಪ್ರಯೋಗ ಕೆಟ್ಟಿತು. ಧಾರವಾಡದ ಎರೆಯಲ್ಲಿ ಮಾತ್ರ ನೆಲೆ ನಿಂತಿತು. ‘ಧಾರವಾಡ-ಅಮೇರಿಕನ್’ ಎಂಬುದು ಪೇಟೆಯಲ್ಲಿ ಒಂದು ಜಾತಿಯ ಅರಳೆಯ ಹೆಸರೇ ಆಯಿತು. 1861ರಿಂದ 1865ರ ವರೆಗೆ ಅಮೆರಿಕೆಯಲ್ಲಿ ಒಳಯುದ್ಧ ನಡೆದು ಅಲ್ಲಿಯ ಹತ್ತಿ ಬರುವುದು ನಿಂತಾಗ, ಇಲ್ಲಿಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ಯುದ್ಧ ಮುಗಿದೊಡನೆ ಬೆಲೆ ಇಳಿಯಿತು. ಏಳು ಸಮುದ್ರದಾಚೆಯ ಕಲಹದಿಂದ ನವಲಗುಂದದ ಒಕ್ಕಲಿಗನು ಗೆದ್ದದ್ದೂ ಸೋತದ್ದೂ ಹೀಗೆ; ಭೂಗೋಲದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಒಂದು ಶತಮಾನ ಕಳೆದ ಮೇಲೆ ಧಾರವಾಡವೇ ಹತ್ತಿಯ ವಿಜ್ಞಾನಕ್ಕೆ ತನ್ನ ಕಾಣಿಕೆಯನ್ನು ಸಲ್ಲಿಸಿತು. ಬಿ. ಎಚ್. ಕಟಗರಿ ಎಂದೂ ಕಟರ್ಕಿ ಎಂದೂ ಹೆಸರು ಬರೆಯಲಾಗುವ ಇಲ್ಲಿಯ ತಳಿವಿಜ್ಞಾನಿಯು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ ಎಂಬ ಮಿಶ್ರತಳಿಯನ್ನು ಪಡೆದರು. ಅದು 1972ರಲ್ಲಿ ರೈತರ ಕೈ ಸೇರಿತು. ಬೇರೆ ಜಾತಿಗಳನ್ನು ಕೂಡಿಸಿ ಪಡೆದು ಹೊಲಕ್ಕಿಳಿಸಿದ ಮೊದಲ ಹತ್ತಿಯೆಂಬ ಕೀರ್ತಿ ಅದರದು. ಇದರ ಬೀಜವನ್ನು ಮಾಡುವ ಬಗೆಯನ್ನು ಕೇಳಿದರೆ ಮಕ್ಕಳು ಬೆರಗಾಗುತ್ತಾರೆ. ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಿ, ಅದರ ಕೇಸರಗಳನ್ನು ಕೈಯಿಂದ ತೆಗೆದುಹಾಕಬೇಕು. ಮರುದಿನ ಬೆಳಗ್ಗೆ ಇನ್ನೊಂದು ಜಾತಿಯ ಹೂವಿನ ಪರಾಗವನ್ನು ತಂದು ಅದಕ್ಕೆ ಸವರಬೇಕು. ಒಂದೊಂದು ಕಾಯಿಗೂ ಒಬ್ಬ ಮನುಷ್ಯನ ಬೆರಳು ಎರಡು ಸಲ ಮುಟ್ಟಿದ್ದಾಗಿರಬೇಕು. ಆ ಬೆರಳುಗಳು ಬಹುಮಟ್ಟಿಗೆ ಹೆಂಗಸರವು. ವಿಜ್ಞಾನದ ಪಾಠದಲ್ಲಿ ಪರಾಗಸ್ಪರ್ಶವೆಂಬ ಚಿತ್ರವನ್ನು ಬರೆದು ಹೆಸರು ಗುರುತಿಸುವ ಮಗುವಿನ ತಾಯಿಯೋ ಅಜ್ಜಿಯೋ ಅದನ್ನು ಕೂಲಿಗಾಗಿ ಸಾವಿರ ಸಲ ಮಾಡಿದವಳಾಗಿರಬಹುದು.

ಮೂರನೆಯ ಪಾಠ: ನೆರೆಯೂರ ಕವಿಗಳು

ಕನ್ನಡ ಪುಸ್ತಕದಲ್ಲಿ ಆದಿಕವಿ ಪಂಪನ ಪರಿಚಯ ಬಂದಾಗ ಮಕ್ಕಳು ಬನವಾಸಿಯನ್ನೋ ವೇಮುಲವಾಡವನ್ನೋ ನೆನೆಯುತ್ತಾರೆ. ಆದರೆ ಮೊರಬದ ಹುಡುಗನಿಗೆ ಪಂಪನು ನೆಂಟನಷ್ಟು ಹತ್ತಿರದವನು. ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದ ಬಳಿಯ ಬಂಡೆಯೊಂದರ ಮೇಲೆ ಶಾಸನ ಕೆತ್ತಿಸಿದ್ದಾನೆ. ಕನ್ನಡ, ಸಂಸ್ಕೃತ, ತೆಲುಗು ಮೂರೂ ಭಾಷೆಗಳು ಅದರಲ್ಲಿವೆ. ಅಲ್ಲಿರುವ ಕಂದಪದ್ಯಗಳು ತೆಲುಗಿನ ಅತ್ಯಂತ ಹಳೆಯ ಪದ್ಯಗಳ ಸಾಲಿಗೆ ಸೇರಿವೆ. ಅದೇ ಬಂಡೆಯು ಈ ಅಣ್ಣತಮ್ಮಂದಿರ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಹೇಳುತ್ತದೆ. ನವಲಗುಂದ ತಾಲೂಕಿನಲ್ಲಿಯೇ ಇದ್ದು ಈಚೆಗೆ ತಾನೇ ಒಂದು ತಾಲೂಕಾದ ಅಣ್ಣಿಗೇರಿ, ಆದಿಕವಿಯ ತಾಯಿಯ ತವರು.

902ರಲ್ಲಿ ಹುಟ್ಟಿದ ಪಂಪನು 941ರಲ್ಲಿ ತನ್ನ ಎರಡು ಕಾವ್ಯಗಳನ್ನೂ ಮುಗಿಸಿದನು. ‘ಆದಿಪುರಾಣ’ವು ಮೂರು ತಿಂಗಳಲ್ಲಿ, ‘ವಿಕ್ರಮಾರ್ಜುನ ವಿಜಯ’ವು ಆರು ತಿಂಗಳಲ್ಲಿ ಆದವೆಂದು ಅವನೇ ಹೇಳಿಕೊಂಡಿದ್ದಾನೆ. ಒಂದರಲ್ಲಿ ಧರ್ಮ, ಇನ್ನೊಂದರಲ್ಲಿ ಲೌಕಿಕ. ಇಂಥ ಕವಿಯ ಭಾರತವು ಅಚ್ಚಾಗಿ ಹೊರಬಂದುದು 1898ರಲ್ಲಿ, ಬಿ. ಎಲ್. ರೈಸ್ ಅವರ ಪ್ರಯತ್ನದಿಂದ. ಅಲ್ಲಿಯ ತನಕ ತಾಳೆಯ ಗರಿಗಳನ್ನು ಬಿಚ್ಚಿ ಓದಬಲ್ಲ ಕೆಲವರಿಗೆ ಬಿಟ್ಟರೆ, ಅಣ್ಣಿಗೇರಿಯ ಹುಡುಗನಿಗೂ ಪಂಪನ ಒಂದು ಸಾಲು ಓದಸಿಗುವಂತಿರಲಿಲ್ಲ. ಚನ್ನಬಸಪ್ಪನವರು ಪಟ್ಟ ಪಾಡಿನ ಹಿರಿಮೆ ಇಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಾವಿರ ವರ್ಷದ ಸಾಹಿತ್ಯ ಬೆನ್ನಿಗಿದ್ದರೂ ಶಾಲೆಯಲ್ಲಿ ಓದಲು ಪುಸ್ತಕವಿಲ್ಲದ ಬಡತನ ಅಂದಿನ ಕನ್ನಡದ್ದು.

ಓದು ಬಾರದವರಿಗೆ ಮಾತ್ರ ಕಾವ್ಯ ಎಂದೂ ದೂರವಾಗಿರಲಿಲ್ಲ. ಹುಬ್ಬಳ್ಳಿಯ ಸಮೀಪದ ಕೋಳಿವಾಡದವನೆಂದು ಪ್ರಸಿದ್ಧನಾದ ಕುಮಾರವ್ಯಾಸನು ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿದನು. ಸುಗ್ಗಿ ಮುಗಿದ ರಾತ್ರಿಗಳಲ್ಲಿ ಗುಡಿಯ ಕಟ್ಟೆಯ ಮೇಲೆ ಒಬ್ಬರು ಓದಿ, ಇನ್ನೊಬ್ಬರು ಅರ್ಥ ಹೇಳಿ, ಊರೆಲ್ಲ ಕುಳಿತು ಕೇಳುತ್ತಿದ್ದ ಆ ಭಾರತವೇ ಅಕ್ಷರವಿಲ್ಲದವರ ಶಾಲೆ. ಅಲ್ಲಿ ಹಾಜರಿ ಪುಸ್ತಕವಿರಲಿಲ್ಲ. ಆದರೂ ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

1819ರಲ್ಲಿ ಹುಟ್ಟಿದ ಶಿಶುನಾಳದ ಶರೀಫ ಸಾಹೇಬರದು ಇನ್ನೊಂದು ಬಗೆ. ಅವರು ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರೆಂಬುದು ಅನೇಕರಿಗೆ ತಿಳಿಯದು. ಆ ಕೆಲಸ ಬಿಟ್ಟು ಅವರು ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರ ಶಿಷ್ಯರಾದರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು. ನೆರೆಹೊರೆಯವರ ಮಾತುಗಳನ್ನು ಇಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1889ರಲ್ಲಿ ಶರೀಫರು ತೀರಿಕೊಂಡರು. ಕೂರಿಗೆ, ಗಿರಣಿ, ಸೋರುವ ಮನೆ, ಕೋಳಿ, ಮಳೆ ಎಂಬ ದಿನದ ವಸ್ತುಗಳಲ್ಲಿಯೇ ಅವರು ಪರಮಾರ್ಥವನ್ನು ಕಂಡು ಹಾಡಿದರು. ಶಾಲೆಯ ಕೋಣೆಯನ್ನು ಬಿಟ್ಟು ಹೋದ ಆ ಶಿಕ್ಷಕನ ಪಾಠ ಇಂದು ಎಲ್ಲ ಶಾಲೆಗಳ ಪುಸ್ತಕಗಳಲ್ಲಿ ಬಂದು ಕುಳಿತಿದೆ.

ನಾಲ್ಕನೆಯ ಪಾಠ: ನೀರು

ಪರಿಸರವೆಂಬ ಪಾಠ ಶಾಲೆಗೆ ಬಂದದ್ದು ಉಳಿದ ಮೂರಕ್ಕಿಂತ ತಡವಾಗಿ. 1991ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಪರಿಸರ ಶಿಕ್ಷಣ ಎಲ್ಲ ಮಕ್ಕಳಿಗೂ ಕಡ್ಡಾಯವಾಗಬೇಕೆಂದು ಹೇಳಿತು. ಆದರೆ ನವಲಗುಂದದ ಸೀಮೆ ಆ ಪಾಠವನ್ನು ಅದಕ್ಕೂ ಮೊದಲೇ, ಬಲು ದುಬಾರಿಯ ಬೆಲೆ ತೆತ್ತು ಕಲಿತಿತ್ತು.

ಇದೇ ಜಿಲ್ಲೆಯ ಕಲಘಟಗಿಯ ಕಡೆ ಮಲೆನಾಡಿನ ಅಂಚು, ಕಾಡು, ಭತ್ತದ ಗದ್ದೆ. ಅಲ್ಲಿಂದ ಮೂಡಲಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತ, ಮರಗಳು ವಿರಳವಾಗುತ್ತ, ನವಲಗುಂದಕ್ಕೆ ಬರುವಾಗ ಬರೀ ಬಯಲು ಉಳಿಯುತ್ತದೆ. ಕೊಳವೆಬಾವಿ ತೋಡಿದರೆ ಹಲವೆಡೆ ಉಪ್ಪು ನೀರು. ಆದುದರಿಂದ ಈ ಭಾಗದ ಹಳ್ಳಿಗಳಿಗೆ ಕುಡಿಯುವ ನೀರಿನ ಕೆರೆಯೇ ಪ್ರಾಣ. ಅದರ ಏರಿಯ ಮೇಲೆ ಮೆಟ್ಟು ಕಳಚಿ ನಡೆಯುವ ಭಯಭಕ್ತಿ ಹಿಂದಿನವರಲ್ಲಿತ್ತು. ಮಳೆ ಕೈಕೊಟ್ಟಾಗ ಏನಾಗುತ್ತದೆಂಬುದಕ್ಕೆ ಇತಿಹಾಸವೇ ಸಾಕ್ಷಿ. 1791-92ರ ಬರಕ್ಕೆ ‘ಡೋಗಿ ಬರ’ವೆಂದು ಹೆಸರು ಬಿದ್ದುದು, ಸತ್ತವರ ತಲೆಬುರುಡೆಗಳು ಮಣ್ಣು ಮಾಡುವವರಿಲ್ಲದೆ ಬಿದ್ದಿದ್ದುದರಿಂದ. 1876ರಿಂದ 78ರ ವರೆಗಿನ ಮಹಾಕ್ಷಾಮವೂ ಈ ಬಯಲನ್ನು ಹಿಂಡಿತು. ಅದರ ತರುವಾಯ, ಬರ ಬಿದ್ದಾಗ ಕಾಳು ಸಾಗಿಸಲು ರೈಲು ಬೇಕೆಂದು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು; ಗದುಗು-ಹುಬ್ಬಳ್ಳಿಯ ದಾರಿಯಲ್ಲಿ ಅಣ್ಣಿಗೇರಿಗೂ ಉಗಿಬಂಡಿ ಬಂದಿತು.

ಇಂಥ ನಾಡಿಗೆ ಕಾಲುವೆಯ ನೀರೆಂದರೆ ಸ್ವರ್ಗವೇ ಇಳಿದಂತೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಲಾಯಿತು. 1970ರ ದಶಕದ ಮೊದಲಲ್ಲಿ ಕೆಲಸ ಮುಗಿದು, ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯ ಸಿದ್ಧವಾಯಿತು. ಕಾಲುವೆಗಳು ಎರೆಯ ಸೀಮೆಗೆ ಹರಿದು ಬಂದವು. ವರಲಕ್ಷ್ಮಿ ಹತ್ತಿಯೂ ಅದೇ ಹೊತ್ತಿಗೆ ಬಂದಿತ್ತು. ಹೊಲಗಳಲ್ಲಿ ಬಿಳಿಯ ಬಂಗಾರ ಬೆಳೆಯಿತು.

ಆದರೆ ಎರೆಯ ಸ್ವಭಾವವನ್ನು ಮರೆತವರಿಗೆ ಎರೆಯೇ ಅದನ್ನು ನೆನಪಿಸಿತು. ನೀರನ್ನು ಹಿಡಿದಿಡುವ ಗುಣವೇ ಅದರ ಸಂಪತ್ತು ಎಂದು ಮೇಲೆ ಹೇಳಿದೆ. ನೀರು ಹೆಚ್ಚಾದಾಗ ಅದೇ ಅದರ ಆಪತ್ತು. ಜೇಡಿ ನೆಲದಲ್ಲಿ ನೀರು ಸುಲಭವಾಗಿ ಬಸಿದು ಹೋಗದು. ಕಾಲುವೆಯ ನೀರು ನಿಂತು ನಿಂತು ನೆಲದೊಳಗಿನ ನೀರಿನ ಮಟ್ಟ ಮೇಲಕ್ಕೆ ಏರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ. ಅದರಲ್ಲಿ ಕರಗಿದ್ದ ಉಪ್ಪು ಮಾತ್ರ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಜನ ಇದನ್ನು ಸವಳು-ಜವಳು ಎನ್ನುತ್ತಾರೆ. ಅಂಥ ನೆಲದಲ್ಲಿ ಬಿತ್ತಿದ ಬೀಜ ಮೊಳೆಯದು, ಮೊಳೆತದ್ದು ಬಾಳದು. ಬಸಿಗಾಲುವೆಗಳನ್ನು ತೋಡಿ, ಅಗತ್ಯವಿದ್ದಲ್ಲಿ ಜಿಪ್ಸಂ ಹಾಕಿ, ಹಿತಮಿತವಾಗಿ ನೀರುಣಿಸಿದರೆ ಇದನ್ನು ತಡೆಯಬಹುದು. ನೀರನ್ನು ತರುವ ಕಾಲುವೆಯಷ್ಟೇ ನೀರನ್ನು ಹೊರಗೆ ಒಯ್ಯುವ ಕಾಲುವೆಯೂ ಮುಖ್ಯವೆಂಬುದು ಎರೆಯ ವಿಜ್ಞಾನ.

ಇದರ ಮೇಲೆ ಹತ್ತಿಯ ಬೆಲೆ ಇಳಿಯಿತು. ನೀರು ಸರಿಯಾಗಿ ಮುಟ್ಟದ ಹೊಲಗಳಿಗೂ ಅಭಿವೃದ್ಧಿ ಕರದ ನೋಟೀಸು ಬಂದಿತು. ಒಕ್ಕಲಿಗರ ಸಂಕಟ ಸಿಟ್ಟಾಗಿ ತಿರುಗಿತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಚಳವಳಿ ಹಿಂಸೆಗೆ ಎಡೆಯಾಯಿತು. ಪೋಲೀಸರ ಗುಂಡಿಗೆ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಬಲಿಯಾದರು. ನರಗುಂದದಲ್ಲಿ ಉದ್ರಿಕ್ತ ಗುಂಪಿನ ಕೈಗೆ ಸಿಕ್ಕು ಪೋಲೀಸರೂ ಪ್ರಾಣ ಕಳೆದುಕೊಂಡರು. ಎರಡೂ ಕಡೆ ಸತ್ತವರು ಬಡವರ ಮನೆಯ ಮಕ್ಕಳೇ. ಆ ಬೆಂಕಿ ನಾಡಿಗೆಲ್ಲ ಹರಡಿ ಕರ್ನಾಟಕದ ರೈತ ಚಳವಳಿಗೆ ನಾಂದಿಯಾಯಿತು. ಪ್ರತಿ ವರ್ಷವೂ ಜುಲೈ 21ರಂದು ರೈತರು ಹುತಾತ್ಮರ ನೆನಪಿಗೆ ಸೇರುತ್ತಾರೆ. ಮಲಪ್ರಭೆಗೆ ಮಹಾದಾಯಿಯ ನೀರನ್ನು ತಿರುಗಿಸಬೇಕೆಂಬ ಬೇಡಿಕೆಯೂ ಇದೇ ಊರುಗಳಲ್ಲಿ ವರ್ಷಗಟ್ಟಲೆ ಕುದಿಯಿತು. 2018ರಲ್ಲಿ ನ್ಯಾಯಮಂಡಳಿಯು ಕರ್ನಾಟಕಕ್ಕೆ ಆ ನದಿಯ 13.42 ಟಿ.ಎಂ.ಸಿ. ನೀರನ್ನು ಹಂಚಿಕೊಟ್ಟಿತು.

ನೀರಿಲ್ಲವೆಂದು ಹೋರಾಡುವ ಇದೇ ಸೀಮೆಯಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಸೊಕ್ಕಿ ಹರಿದು ಹೊಲಗಳನ್ನು ನುಂಗುವುದೂ ಉಂಟು. ಬೆಣ್ಣೆ, ತುಪ್ಪಗಳ ನೆನಪು ತರುವ ಹೆಸರುಗಳು. ನಡತೆ ಮಾತ್ರ ಅಷ್ಟು ಮೃದುವಲ್ಲ. 2019ರ ಆಗಸ್ಟಿನ ನೆರೆಯನ್ನು ಇಲ್ಲಿಯ ಮಕ್ಕಳು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿಲ್ಲ. ಎರೆಯು ಒಮ್ಮೆ ತುಂಬಿತೆಂದರೆ ಮೇಲಿಂದ ಬಿದ್ದ ಮಳೆ ಒಳಗಿಳಿಯದೆ ಹಳ್ಳದ ದಾರಿ ಹಿಡಿಯುತ್ತದೆ. ಒಡ್ಡುಗಳು ಒಡೆದಿದ್ದರೆ ಮೇಲ್ಮಣ್ಣೂ ಅದರ ಜೊತೆ ಹೊರಟು ಹೋಗುತ್ತದೆ. ಬರ ಮತ್ತು ನೆರೆ ಎರಡಕ್ಕೂ ಮದ್ದು ಒಂದೇ: ಒಡ್ಡು ಹಾಕಿ, ಕೆರೆ ಹೂಳೆತ್ತಿ, ಬಿದ್ದ ನೀರನ್ನು ಬಿದ್ದಲ್ಲಿಯೇ ನಿಲ್ಲಿಸುವುದು.

ಕೆರೆಯನ್ನು ಕಾಯ್ದರೆ ಮನುಷ್ಯನಿಗೆ ಮಾತ್ರ ಲಾಭವೆಂದಲ್ಲ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಹಗಲೆಲ್ಲ ನೀರಿನ ಮೇಲೆ ವಿಶ್ರಮಿಸಿ, ಹೊಲಗಳಿಗೆ ಹಾರಿ ಕಾಳು ಮೇಯುತ್ತವೆ. ಪಾಸ್‌ಪೋರ್ಟ್ ಇಲ್ಲದ ಈ ಪರದೇಶಿಗಳಿಂದಾಗಿ ಆ ಹಳ್ಳಿಯ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಸೇರಿ ಲೋಕಪ್ರಸಿದ್ಧವಾಯಿತು.

ಶಾಲೆ ಬಿಟ್ಟ ಮೇಲೆ

ಕೊನೆಯ ಗಂಟೆ ಬಾರಿಸುತ್ತದೆ. ಪುಸ್ತಕಗಳು ಚೀಲ ಸೇರುತ್ತವೆ. ಬೆಳಗ್ಗೆ ಹೊಸ್ತಿಲ ಬಳಿ ಉದುರಿಸಿದ ಮಣ್ಣು ಅಲ್ಲಿಯೇ ಒಣಗಿ ಕಲ್ಲಿನಂತಾಗಿದೆ. ಚನ್ನಬಸಪ್ಪನವರು ಇಂಜಿನಿಯರರಾಗಿ ಹೋಗಿದ್ದರೆ ಈ ಹುಡುಗ ಆ ಮಣ್ಣಿನ ಹೆಸರನ್ನು ತನ್ನ ಮಾತಿನಲ್ಲಿ ಬರೆಯಲು ಇನ್ನೆಷ್ಟು ಕಾಲ ಕಾಯಬೇಕಾಗುತ್ತಿತ್ತೋ ಹೇಳಲಾಗದು. ಎರೆಯ ಗುಣವನ್ನು ಕಾಲುವೆ ತೋಡುವ ಮೊದಲೇ ಎಲ್ಲರೂ ಮನಸ್ಸಿಗೆ ತಂದುಕೊಂಡಿದ್ದರೆ ಎಷ್ಟೋ ಹೊಲಗಳು ಸವಳಾಗದೆ ಉಳಿಯುತ್ತಿದ್ದವು. ಪಾಠಗಳು ಬೇರೆ ಬೇರೆ ಪುಸ್ತಕಗಳಲ್ಲಿದ್ದರೂ ಬದುಕಿನಲ್ಲಿ ಅವು ಬೇರೆಯಲ್ಲ.

ನಗರದ ಮಕ್ಕಳಿಗೂ ಈ ಮಾತು ಸಲ್ಲುತ್ತದೆ. ತಮ್ಮ ಬೀದಿಯ ಹೆಸರು ಯಾರದು, ತಮ್ಮ ನಲ್ಲಿಯ ನೀರು ಯಾವ ನದಿಯದು, ತಮ್ಮ ಮನೆ ನಿಂತ ನೆಲ ಮೊದಲು ಕೆರೆಯಾಗಿತ್ತೆ ಎಂದು ಅವರು ಕೇಳತೊಡಗಿದರೆ, ಹಿರಿಯರಿಗೆ ಉತ್ತರ ಹುಡುಕುವುದು ಅನಿವಾರ್ಯವಾದೀತು. ಆಗ ಪರೀಕ್ಷೆಯ ಹಿಂದಿನ ರಾತ್ರಿಯ ಬಾಯಿಪಾಠ ಅಷ್ಟು ಭಾರವಾಗದು. ಪರೀಕ್ಷೆ ಮುಗಿದ ಮರುದಿನವೂ ಕಲಿತದ್ದು ಮನಸ್ಸಿನಲ್ಲಿ ಉಳಿದೀತು, ಎರೆಯ ಒಡಲಲ್ಲಿ ಮಳೆಗಾಲದ ಹಸಿ ಉಳಿಯುವಂತೆ.